ಐದು ಕ್ರೂನಿನ ನೋಟು

ಇವತ್ತು ಸಂಜೆ ಪಕ್ಕದ ಮನೆ ಅಜ್ಜಿ ಕಾಫಿಗೆ ಕರೆದಿದ್ರು. ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ನನಗಿರೋ ಒಬ್ಬರೇ ಅಜ್ಜಿ ಅವರು.

ಬಿಸ್ಕತ್ತಿನ ಹಳೇ ಡಬ್ಬಿಯಿಂದ ಒಂದು ನೋಟು ತೆಗೆದು ಕೈಗಿಟ್ಟರು. ಐದು ಕ್ರೂನು, ಯೂರೋ ಬರೋ ಮುಂಚೆ ಇಲ್ಲಿದ್ದ ದುಡ್ಡು. ಒಂದು ಕಡೆ ಚೆಸ್ ಆಟಗಾರ ಪೌಲ್ ಕೆರೆಸ್. ಇನ್ನೊಂದು ಕಡೆ ನಾರ್ವಾ ನದಿ, ಆಚೆಗೊಂದು ಕೋಟೆ, ಈಚೆಗೊಂದು ಕೋಟೆ. ಮಡಿಕೆ ಬಿದ್ದ ಜಾಗ ಬಟ್ಟೆಯಷ್ಟು ಮೆತ್ತಗಾಗಿತ್ತು.

1992ರ ಜೂನ್ 20. ಮೂರೇ ದಿನದಲ್ಲಿ ಇಡೀ ಎಸ್ಟೋನಿಯಾ ಸೋವಿಯತ್ ಕಾಲದ ರೂಬಲ್ ಬಿಟ್ಟು ಸ್ವಂತ ದುಡ್ಡಿಗೆ ಬಂತು. ತಲೆಗೆ 1500 ರೂಬಲ್ ಕೊಟ್ಟರೆ 150 ಕ್ರೂನು. ಅಜ್ಜಿ ಮಗಳ ಕೈ ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ರಂತೆ. ವರ್ಷಗಟ್ಟಲೆ ಕೂಡಿಟ್ಟಿದ್ದನ್ನ ಬೆಲೆಯೇರಿಕೆ ಅಷ್ಟೊತ್ತಿಗೇ ನುಂಗಿ ಹಾಕಿತ್ತು.

ಆಮೇಲಿನದೂ ಹಾಗೇ, ಓಟ. ಅದೇ ವರ್ಷ 32ರ ಹರೆಯದ ಮಾರ್ಟ್ ಲಾರ್ ಪ್ರಧಾನಿ. 1994ಕ್ಕೆ ಎಲ್ಲರಿಗೂ ಒಂದೇ ದರ, ಶೇ. 26 ಆದಾಯ ತೆರಿಗೆ. 2004ಕ್ಕೆ ಯುರೋಪಿಯನ್ ಒಕ್ಕೂಟ, 2011ಕ್ಕೆ ಯೂರೋ.

ನಾನು ಇಷ್ಟು ದಿನ ಈ ವೇಗವನ್ನ ಹೊಗಳ್ತಾನೇ ಇದ್ದೆ. ಇವತ್ತೂ ಅದು ಬೇಕಿತ್ತು ಅಂತಲೇ ಅನ್ಸುತ್ತೆ. ತಡ ಮಾಡಿದ್ರೆ ಮಾಸ್ಕೋದ ರೂಬಲ್ ಜೊತೆಗೇ ಮುಳುಗ್ತಿದ್ರು. ಆದರೆ ಆ ವರ್ಷದ ಚಳಿಗಾಲದ ಬಗ್ಗೆ ಕೇಳಿದಾಗ ಅಜ್ಜಿ ಮಾತಾಡಲಿಲ್ಲ. ನೋಟಿನ ಅಂಚನ್ನ ಬೆರಳಲ್ಲಿ ನೇವರಿಸ್ತಾ ಕೂತರು. ಬೇಗ ಆಯ್ತು ಅಂತೀವಲ್ಲ, ಅವರಿಗೆ ಆ ದಿನಗಳು ಎಷ್ಟು ಉದ್ದ ಇದ್ದವೋ.

ಕೇಂದ್ರ ಬ್ಯಾಂಕಲ್ಲಿ ಈಗಲೂ ಬದಲಾಯಿಸಿ ಕೊಡ್ತಾರೆ ಅಜ್ಜಿ, 32 ಸೆಂಟ್ ಬರುತ್ತೆ ಅಂದೆ.

ತಲೆಯಾಡಿಸಿ, ಮಡಚಿ, ಮತ್ತೆ ಡಬ್ಬಿಗೆ ಹಾಕಿಟ್ಟರು.