ಕುದಿಸುವ ಕೆಲಸವಲ್ಲ, ಕಾಯುವ ಕೆಲಸ

ಮೊದಲ ವರ್ಷದ ಜೀವರಸಾಯನ ಪ್ರಾಕ್ಟಿಕಲ್ಸ್‌ನಲ್ಲಿ ನಾವೆಲ್ಲ ಮಾಡಿದ ಫಾರ್ಮಾಲ್ ಟೈಟ್ರೇಶನ್, ಅಂದರೆ ಫಾರ್ಮಲಿನ್ ಹಾಕಿ ಅಮೈನೋ ಆಮ್ಲವನ್ನು ಅಳೆಯುವ ಪ್ರಯೋಗ, ನೆನಪಿದೆಯೇ? ಗ್ಲೈಸೀನ್ ಎಂಬ ಅಮೈನೋ ಆಮ್ಲದ ದ್ರಾವಣಕ್ಕೆ ತಟಸ್ಥ ಫಾರ್ಮಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಹಾಕಿದೊಡನೆ ಸೂಚಕದ ಗುಲಾಬಿ ಬಣ್ಣ ಹಾರಿಹೋಗಿ, ಬ್ಯುರೆಟ್ಟಿನಿಂದ ಮತ್ತೆ ಕ್ಷಾರ ಬಿಡಬೇಕಾಗುತ್ತಿತ್ತು. ಫಾರ್ಮಾಲ್ಡಿಹೈಡ್ ಅಮೈನೋ ಗುಂಪನ್ನು ಹಿಡಿಯುತ್ತದೆ, ಪ್ರೋಟಾನ್ ಹೊರಬೀಳುತ್ತದೆ ಎಂದು ರೆಕಾರ್ಡಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿಸಿಕೊಂಡೆವು. ಡಿಫ್ತೀರಿಯಾ, ಧನುರ್ವಾಯು ಲಸಿಕೆಗಳು ನಿಂತಿರುವುದು ಆ ಒಂದು ಸಾಲಿನ ಮೇಲೆ.

ಈ ರೋಗಗಳಲ್ಲಿ ಹಾನಿ ಮಾಡುವುದು ಬ್ಯಾಕ್ಟೀರಿಯಾ ಹೊರಬಿಡುವ ಪ್ರೋಟೀನ್ ವಿಷ, ಅಂದರೆ ಟಾಕ್ಸಿನ್. ವಿಷವನ್ನು ಕೊಲ್ಲುವುದಷ್ಟೇ ಗುರಿಯಾದರೆ ಡಿಫ್ತೀರಿಯಾ ಟಾಕ್ಸಿನ್ನನ್ನು ಕಾಯಿಸಿದರೆ ಸಾಕು. ಆದರೆ ಕಾಯಿಸಿದಾಗ ಪ್ರೋಟೀನಿನ ಮಡಿಕೆಗಳು ಬಿಚ್ಚಿ ಅದರ ಚಹರೆಯೇ ಅಳಿಸಿಹೋಗುತ್ತದೆ. ಅಂಥದ್ದಕ್ಕೆ ದೇಹ ತಯಾರಿಸುವ ಪ್ರತಿಕಾಯ ಅಸಲಿ ವಿಷವನ್ನು ಗುರುತಿಸದು. ಹಲ್ಲು ಕೀಳಬೇಕು, ಮುಖ ಕೆಡಬಾರದು. ಹಾಗೆ ಹಲ್ಲು ಕಿತ್ತ ಟಾಕ್ಸಿನ್ನಿಗೆ ಟಾಕ್ಸಾಯ್ಡ್ ಎಂದು ಹೆಸರು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. 1904ರಲ್ಲಿ ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಸ್ಟೆರಿಲೈಜರ್‌ಗೆ ಹಿಡಿಸದ ದೊಡ್ಡ ಜಾಡಿಗಳನ್ನು ಫಾರ್ಮಲಿನ್ನಿನಿಂದ ತೊಳೆಯುತ್ತಿದ್ದರು. ಒಳಗೆ ಉಳಿದ ಫಾರ್ಮಲಿನ್ ಟಾಕ್ಸಿನ್ನನ್ನು ಸಪ್ಪೆ ಮಾಡಿದ್ದನ್ನು ಅಲೆಗ್ಸಾಂಡರ್ ಗ್ಲೆನಿ ಗಮನಿಸಿದರು. ಅದನ್ನೇ ಅಳತೆಗೆ ತಂದು, ಫಾರ್ಮಲಿನ್ ಜೊತೆ ಹದವಾದ ಶಾಖವನ್ನೂ ಸೇರಿಸಿ 1923ರಲ್ಲಿ ಪಕ್ಕಾ ವಿಧಾನ ಮಾಡಿದವರು ಪ್ಯಾರಿಸ್ಸಿನ ಗಾಸ್ತೋಂ ರಾಮೋಂ.

ವಿಧಾನ ಕಾಗದದ ಮೇಲೆ ಬಲು ಸರಳ. ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ಟಾಕ್ಸಿನ್ ದ್ರಾವಣದ ಪಿಎಚ್ 7.5ರ ಆಸುಪಾಸು ಇರಬೇಕು. ಫಾರ್ಮಾಲ್ಡಿಹೈಡ್ ಶೇಕಡ 0.5ರ ಸುತ್ತಮುತ್ತ. 37 ಡಿಗ್ರಿ ಶಾಖದಲ್ಲಿ ನಾಲ್ಕರಿಂದ ಆರು ವಾರ. ಇಲ್ಲೇ ಮೊದಲ ಎಡವಟ್ಟು: ಬಾಟಲಿಯ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಶೇಕಡ 37 ಮಾತ್ರ. ಎರಡನ್ನೂ ಒಂದೇ ಎಂದುಕೊಂಡು ಅಳೆದರೆ ಲೆಕ್ಕ ಸುಮಾರು 2.7 ಪಟ್ಟು ತಪ್ಪುತ್ತದೆ.

ಒಳಗೆ ನಡೆಯುವುದು ಎರಡು ಹಂತದಲ್ಲಿ. ಫಾರ್ಮಾಲ್ಡಿಹೈಡ್ ಮೊದಲು ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲದ ಅಮೈನೋ ಗುಂಪಿಗೆ ಅಂಟುತ್ತದೆ. ಇದು ಬೇಗ ಆಗುತ್ತದೆ, ಅಷ್ಟೇ ಬೇಗ ಬಿಟ್ಟುಕೊಳ್ಳಲೂಬಹುದು. ಆಮೇಲೆ ಫಾರ್ಮಾಲ್ಡಿಹೈಡಿನ ಅದೇ ಇಂಗಾಲ ಪಕ್ಕದ ಅಮೈನೋ ಆಮ್ಲಗಳಾದ ಟೈರೊಸೀನ್, ಆರ್ಜಿನೀನ್ ಅಥವಾ ಹಿಸ್ಟಿಡೀನಿಗೆ ಮೀಥೈಲೀನ್ ಸೇತುವೆ (ಒಂದೇ ಇಂಗಾಲದ ಕೊಂಡಿ) ಹಾಕುತ್ತದೆ. ಈ ಸೇತುವೆ ಗಟ್ಟಿ, ಆದರೆ ನಿಧಾನ. ಆ ವಾರಗಳೆಲ್ಲ ಇದಕ್ಕೇ ಬೇಕು. ಅವಸರಕ್ಕೆ ಶಾಖ ಏರಿಸಿದರೆ, ಫಾರ್ಮಾಲ್ಡಿಹೈಡ್ ಸುರಿದರೆ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗುತ್ತವೆ. ವಿಷವೇನೋ ಹೋಗುತ್ತದೆ, ಜೊತೆಗೆ ಎಲ್‌ಎಫ್ ಮೌಲ್ಯವೂ ಇಳಿಯುತ್ತದೆ. ಆಂಟಿಟಾಕ್ಸಿನ್ನನ್ನು, ಅಂದರೆ ವಿಷಕ್ಕೆ ಎದುರಾದ ಪ್ರತಿಕಾಯವನ್ನು, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಯಾವ ಮಿಶ್ರಣ ಮೊದಲು ಚಕ್ಕೆಗಟ್ಟುತ್ತದೆ ಎಂದು ನೋಡುವ ರಾಮೋಂ ಅವರ ಪರೀಕ್ಷೆಯ ಅಳತೆ ಅದು. ಪಿಎಚ್ ದಿನದಿನಕ್ಕೆ ಜಾರುವುದೂ ಖಚಿತ, ಕಾರಣ ಆ ಟೈಟ್ರೇಶನ್ನಿನ ಪ್ರೋಟಾನೇ. ನೋಡಿ ನೋಡಿ ಕ್ಷಾರ ಸೇರಿಸುತ್ತಿರಬೇಕು.

ಶುದ್ಧತೆಯ ಆಸೆ ಇನ್ನೊಂದು ಬಲೆ. ಕಚ್ಚಾ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಮಾಧ್ಯಮದ ಅಮೈನೋ ಆಮ್ಲಗಳೇ ಸೇತುವೆಯ ಇನ್ನೊಂದು ತುದಿಯಾಗಿ ಕೂತುಬಿಡುತ್ತವೆ. ಟಾಕ್ಸಾಯ್ಡ್ ಸ್ಥಿರವಾಗಿರುತ್ತದೆ, ಆದರೆ ಕಸವೂ ಅದಕ್ಕೆ ಅಂಟಿರುತ್ತದೆ. ಟಾಕ್ಸಿನ್ನನ್ನು ಮೊದಲೇ ಶುದ್ಧ ಮಾಡಿಕೊಂಡರೆ ಆ ನೆರವಿಲ್ಲ. ಅರೆಬರೆ ಅಂಟಿದ ಫಾರ್ಮಾಲ್ಡಿಹೈಡ್ ದುರ್ಬಲ ದ್ರಾವಣದಲ್ಲಿ ಕಳಚಿಕೊಂಡು, ಸತ್ತ ವಿಷ ಮತ್ತೆ ಏಳುತ್ತದೆ. ಅದಕ್ಕೇ ಲೈಸೀನನ್ನೋ ಗ್ಲೈಸೀನನ್ನೋ ಬೇಕೆಂದೇ ಸೇರಿಸುವುದು. ತೆಳುಮಾಡಿದ ಟಾಕ್ಸಾಯ್ಡನ್ನು 37 ಡಿಗ್ರಿಯಲ್ಲಿ ಆರು ವಾರ ಇಟ್ಟು ಮತ್ತೆ ಪರೀಕ್ಷಿಸುವುದೂ ಈ ಭಯಕ್ಕೇ.

ಪಾತ್ರೆಯ ವಿಷಯ ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ, ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ. ಪಾತ್ರೆಯ ಕುತ್ತಿಗೆಯ ಬಳಿ ಸಿಡಿದು ನಿಂತ ಟಾಕ್ಸಿನ್ ಹನಿಗೆ ಫಾರ್ಮಲಿನ್ ತಾಗಿರುವುದಿಲ್ಲ. ಆದ್ದರಿಂದ ಬೆರೆಸಿದ ಮೇಲೆ ಎಲ್ಲವನ್ನೂ ಬೇರೊಂದು ಪಾತ್ರೆಗೆ ವರ್ಗಾಯಿಸಿ ಬೆಚ್ಚಗಿಡಬೇಕು. ಪರೀಕ್ಷೆಯ ಮಾದರಿ ಒಂದೊಂದು ಪಾತ್ರೆಯಿಂದಲೂ ಬರಬೇಕು. 1948ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಂದೇ ಬ್ಯಾಚ್ ಎಂದು ಹೋದ ಡಿಫ್ತೀರಿಯಾ ಲಸಿಕೆಯ ಒಂದು ಪಾಲಿನಲ್ಲಿ ವಿಷ ಉಳಿದಿತ್ತು. ಪರೀಕ್ಷೆಗೆ ತೆಗೆದ ಮಾದರಿಯಲ್ಲಿ ಅದು ಸಿಕ್ಕಿರಲಿಲ್ಲ. 68 ಮಕ್ಕಳು ಸತ್ತರು.

ನಾಯಿಕೆಮ್ಮಿನ ಟಾಕ್ಸಿನ್ ಮಾತ್ರ ಈ ಉಪಾಯಕ್ಕೆ ಸುಲಭವಾಗಿ ಬಗ್ಗದು. ಅದರಲ್ಲಿ ಹಾನಿ ಮಾಡುವ ಎಸ್1 ಭಾಗದಲ್ಲಿ ಲೈಸೀನೇ ಇಲ್ಲ, ಫಾರ್ಮಾಲ್ಡಿಹೈಡ್ ಹಿಡಿಯುವುದಾದರೂ ಏನನ್ನು? ಗ್ಲುಟರಾಲ್ಡಿಹೈಡ್, ಹೈಡ್ರೋಜನ್ ಪೆರಾಕ್ಸೈಡ್ ಬಳಸಿದವರಿದ್ದಾರೆ. ಕೊನೆಗೆ ಜೀನಿನಲ್ಲೇ ಎರಡು ಅಮೈನೋ ಆಮ್ಲ ಬದಲಿಸಿ, ಹುಟ್ಟುವಾಗಲೇ ಹಲ್ಲಿಲ್ಲದ ಟಾಕ್ಸಿನ್ ಮಾಡಿದರು. ಅದಕ್ಕೂ ಚೂರು ಫಾರ್ಮಾಲ್ಡಿಹೈಡ್ ತಾಗಿಸುತ್ತಾರೆ. ವಿಷ ತೆಗೆಯಲು ಅಲ್ಲ, ಮಡಿಕೆ ಬಿಚ್ಚಿಕೊಳ್ಳದಿರಲಿ ಎಂದು.