ಫೈನಲ್‌ಗೆ ಯಾವ ಕ್ರೂ? ನವೆಂಬರಿನ ಒಂದು ಭಾನುವಾರ

ಮೇಜಿನ ಮೇಲೆ ಹನ್ನೊಂದು ಕ್ರೂಗಳ, ಎಂದರೆ ಒಟ್ಟಿಗೆ ಕೆಲಸ ಮಾಡುವ ತೀರ್ಪುಗಾರರ ತಂಡಗಳ, ಅಂಕಪಟ್ಟಿ, ಒಂದು ಲ್ಯಾಪ್‌ಟಾಪ್, ಫ್ಲಾಸ್ಕಿನಲ್ಲಿ ಕಾಫಿ. ಬೆಳಿಗ್ಗೆ ಒಂಬತ್ತು ಗಂಟೆ. ಅಮೆರಿಕದ ಒಂದು ರಾಜ್ಯದ ಹೈಸ್ಕೂಲ್ ಫುಟ್‌ಬಾಲ್ ಫೈನಲ್‌ಗೆ ತೀರ್ಪುಗಾರರನ್ನು ಆರಿಸಲು ಐದು ಜನ ಕೂತಿದ್ದೆವು. ಸೆಮಿಫೈನಲ್‌ಗೆ ಇನ್ನೂ ಆರು ದಿನವಿತ್ತು. ಫೈನಲ್‌ಗೆ ಬರುವ ಶಾಲೆಗಳು ಯಾವುವೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬಾರದೆಂದೇ ಸಭೆಯನ್ನು ಆ ದಿನ ಇಟ್ಟುಕೊಂಡಿದ್ದು. ಶಾಲೆಗಳ ಹೆಸರು ಬಂದ ಮೇಲೆ ಕೂತರೆ, ಎಷ್ಟೇ ಪ್ರಾಮಾಣಿಕರಿದ್ದರೂ "ಆ ಕೋಚ್‌ಗೂ ಈ ರೆಫರಿಗೂ ಆಗಿಬರುವುದಿಲ್ಲ" ಎಂಬ ಮಾತು ಎಲ್ಲಿಂದಲೋ ಬಂದೇ ಬರುತ್ತದೆ. ಮೊದಲು ಕ್ರೂಗಳ ಕ್ರಮಾಂಕ, ಅದಕ್ಕೆ ಐವರ ಸಹಿ, ಆಮೇಲೆ ಶಾಲೆಗಳ ಹೆಸರು. ನ್ಯಾಯದ ಮುಕ್ಕಾಲು ಪಾಲು ಈ ಕ್ರಮದಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಹೈಸ್ಕೂಲಿನಲ್ಲಿ ಹನ್ನೆರಡು ನಿಮಿಷದ ನಾಲ್ಕು ಕ್ವಾರ್ಟರ್. ಸೀಸನ್ನಿನ ಪಂದ್ಯಗಳಿಗೆ ಸಾಮಾನ್ಯವಾಗಿ ಐವರು ತೀರ್ಪುಗಾರರು: ಬಿಳಿ ಟೋಪಿಯ ರೆಫರಿ, ಅಂಪೈರ್, ಎರಡು ಬದಿಯ ಗೆರೆಗಳಲ್ಲಿ ಒಬ್ಬೊಬ್ಬರು, ದೂರ ಹಿಂದೆ ಬ್ಯಾಕ್ ಜಡ್ಜ್. ಮಕ್ಕಳು ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿದ್ದರೆ ಅಲ್ಲಿ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರಿಗೂ ಶುಕ್ರವಾರ ಸಂಜೆಯ ಈ ಆಟ ಪರಿಚಿತವೇ. ಕ್ರಿಕೆಟ್ ಟೆಸ್ಟ್‌ಗಳಿಗೆ 2002ರಿಂದ ಇಬ್ಬರೂ ಅಂಪೈರ್‌ಗಳನ್ನು ಮೂರನೆಯ ದೇಶದಿಂದ ಕರೆಸುವ ಪದ್ಧತಿ ಬಂತು. ಇಲ್ಲಿ ಆ ಅನುಕೂಲವಿಲ್ಲ. ಅದೇ ರಾಜ್ಯದಲ್ಲಿ ಹಗಲು ವಿಮೆ ಮಾರುವವರು, ಪಾಠ ಹೇಳುವವರು, ನಲ್ಲಿ ರಿಪೇರಿ ಮಾಡುವವರೇ ಸಂಜೆ ಪಟ್ಟೆ ಅಂಗಿ ತೊಡುತ್ತಾರೆ. ಒಬ್ಬೊಬ್ಬರಿಗೂ ಯಾವುದೋ ಒಂದು ಶಾಲೆಯ ನಂಟು ಇದ್ದೇ ಇರುತ್ತದೆ.

ಅಂಕದ ಲೆಕ್ಕ ಆಗಸ್ಟಿನಲ್ಲೇ ಎಲ್ಲ ಕ್ರೂಗಳಿಗೂ ಬರಹದಲ್ಲಿ ಹೋಗಿತ್ತು. ಕ್ರೂಗಳ ಕೆಲಸ ನೋಡಿ ವರದಿ ಕೊಡುವ ತಟಸ್ಥ ವೀಕ್ಷಕರದ್ದು 60, ನಿಯಮಗಳ ಲಿಖಿತ ಪರೀಕ್ಷೆಗೆ 15, ಕೋಚ್‌ಗಳ ರೇಟಿಂಗ್‌ಗೆ 15, ತರಬೇತಿಯ ಹಾಜರಿಗೆ 10. ಮೊದಲು ಕೋಚ್‌ಗಳ ಪಾಲೇ 50 ಇತ್ತು. ಅದು ಕೆಡುವ ಬಗೆ ಹೀಗೆ: ಸೋತ ಕೋಚ್ ಶನಿವಾರ ಬೆಳಿಗ್ಗೆ ಐದರಲ್ಲಿ ಒಂದು ಕೊಡುತ್ತಾರೆ, ಗೆದ್ದವರು ಐದಕ್ಕೆ ಐದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಪ್ಪು ಕಂಡಾಗ ಎಸೆಯುವ ಹಳದಿ ಫ್ಲ್ಯಾಗನ್ನು ಕಡಿಮೆ ಎಸೆದರೆ ರೇಟಿಂಗ್ ಏರುತ್ತದೆಂದು ತಿಳಿದ ಕ್ರೂ, ಅಕ್ಟೋಬರ್ ಹೊತ್ತಿಗೆ ಹತ್ತು ಯಾರ್ಡ್ ದಂಡದ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ತಡೆಯುವ ತಪ್ಪು) ಕಂಡರೂ ಸುಮ್ಮನಿರಲು ಕಲಿತಿರುತ್ತದೆ. ಈಗ ಪ್ರತಿ ಕ್ರೂಗೆ ಬಂದ ರೇಟಿಂಗ್‌ಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ತೆಗೆದುಹಾಕುತ್ತೇವೆ. ಒಂದು ಅಥವಾ ಐದು ಕೊಡುವ ಕೋಚ್ ಯಾವ ಕ್ವಾರ್ಟರ್, ಎಷ್ಟನೇ ನಿಮಿಷ, ಏನಾಯಿತು ಎಂದು ಬರೆಯಬೇಕು. ಬರೆಯದಿದ್ದರೆ ಆ ರೇಟಿಂಗ್ ಲೆಕ್ಕಕ್ಕಿಲ್ಲ.

ಅಂಕಪಟ್ಟಿಯಲ್ಲಿ ಕ್ರೂಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಏಳನೇ ನಂಬರಿನ ಒಂದು ಕ್ಲಿಪ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಚೆಂಡು ಗೋಲ್ ಗೆರೆಯಿಂದ ಮೂರು ಯಾರ್ಡ್ ದೂರ. ಓಟಗಾರ ಬದಿಗೆ ನುಗ್ಗಿ, ಬೀಳುತ್ತಾ ಚೆಂಡು ಹಿಡಿದ ಕೈ ಚಾಚುತ್ತಾನೆ. ಬದಿಯ ತೀರ್ಪುಗಾರರು ಎರಡೂ ಕೈ ಎತ್ತಿ, ಚೆಂಡು ಗೋಲ್ ಗೆರೆ ಮುಟ್ಟಿತೆಂದು ಟಚ್‌ಡೌನ್ ಕೊಟ್ಟರು. ತೀರ್ಪು ಸರಿ. ಆದರೆ ಚಿತ್ರ ನಿಲ್ಲಿಸಿ ನೋಡಿದರೆ ಅವರ ಬೂಟು ಇನ್ನೂ ಎರಡು ಯಾರ್ಡ್ ಗೆರೆಯ ಮೇಲೇ ಇತ್ತು. ಅಷ್ಟು ಹತ್ತಿರದಿಂದ ಆಟ ಶುರುವಾದರೆ, ಚೆಂಡು ಕದಲಿದ ಕ್ಷಣವೇ ಬದಿಯವರು ಗೋಲ್ ಗೆರೆಗೆ ಓಡಿ, ಗೆರೆಯ ಉದ್ದಕ್ಕೂ ದೃಷ್ಟಿ ಹಾಯುವಂತೆ ನಿಲ್ಲಬೇಕು. ಓರೆಯಲ್ಲಿ ನಿಂತವರಿಗೆ ಚೆಂಡು ದಾಟಿದ್ದು ಕಾಣುವುದಿಲ್ಲ, ಊಹಿಸಬೇಕಾಗುತ್ತದೆ. ಒಬ್ಬ ವೀಕ್ಷಕರು ಪೂರ್ತಿ ಅಂಕ ಕೊಟ್ಟಿದ್ದರು, ಇನ್ನೊಬ್ಬರು ಅರ್ಧ. ಕೊನೆಗೆ ತೀರ್ಪಿಗೆ ಪೂರ್ತಿ, ನಿಂತ ಜಾಗಕ್ಕೆ ಸೊನ್ನೆ ಎಂದು ಎರಡು ಕಾಲಂ ಮಾಡಿದೆವು. ಅದೇ ಅಳತೆಯನ್ನು ಉಳಿದ ಹತ್ತು ಕ್ರೂಗಳ ಕ್ಲಿಪ್‌ಗಳಿಗೂ ಮತ್ತೆ ಹಚ್ಚಬೇಕಾಯಿತು. ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಯಿತು.

ಆಗಲೇ ಕಣ್ಣಿಗೆ ಬಿದ್ದದ್ದು: ಈ ಏಳನೇ ಕ್ರೂಗೆ ವೀಕ್ಷಕರ ವರದಿ ಎರಡೇ ಎರಡು. ಪೇಟೆಯ ಕ್ರೂಗಳಿಗೆ ಐದೈದು. ಅದು ಹಳ್ಳಿಗಾಡಿನ ಕ್ರೂ ಎಂದು ತಿಳಿಯಲು ಹೆಸರು ಬೇಕಿರಲಿಲ್ಲ. ಅಲ್ಲಿಗೆ ಹೋಗಲು ಎರಡೂವರೆ ಗಂಟೆ ಡ್ರೈವ್. ಪಂದ್ಯ ಮುಗಿಸಿ ಮನೆ ಸೇರುವಾಗ ನಡುರಾತ್ರಿ ದಾಟಿರುತ್ತದೆ. ವೀಕ್ಷಕರು ಹೋಗುವುದಿಲ್ಲ, ಯಾರೂ ನೋಡದ ಕ್ರೂಗೆ ಅಂಕ ಬರುವುದಿಲ್ಲ, ಅಂಕವಿಲ್ಲದವರಿಗೆ ಫೈನಲ್ ಇಲ್ಲ. ಇದರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ, ಆದರೂ ಅನ್ಯಾಯ ಅನ್ಯಾಯವೇ. ಪ್ರತಿ ಕ್ರೂಗೂ ಕನಿಷ್ಠ ನಾಲ್ಕು ವರದಿ, ಕಡಿಮೆ ಬಿದ್ದರೆ ಪಂದ್ಯದ ವಿಡಿಯೊ ನೋಡಿ ತುಂಬುವುದು ಎಂದು ಅಲ್ಲೇ ತೀರ್ಮಾನಿಸಿದೆವು. ಶಾಲೆಗಳು ಹೇಗೂ ಪಂದ್ಯಗಳ ವಿಡಿಯೊ ಹಂಚಿಕೊಳ್ಳುವ ಹಡಲ್ ತಾಣಕ್ಕೆ ವಿಡಿಯೊ ಹಾಕಿರುತ್ತವೆ. ಅದಕ್ಕೂ ಮಿತಿಯಿದೆ: ಎತ್ತರದ ಪ್ರೆಸ್ ಬಾಕ್ಸಿನ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಬದಿಯ ತೀರ್ಪುಗಾರರು ಚೌಕಟ್ಟಿನಿಂದ ಹೊರಗುಳಿಯುತ್ತಾರೆ. ಗೋಲಿನ ಹಿಂದಿನ ಕ್ಯಾಮೆರಾದಲ್ಲಿ ಹೋಲ್ಡಿಂಗ್ ಚೆನ್ನಾಗಿ ಸಿಗುತ್ತದೆ. ಎರಡೂ ಕೋನ ತರಿಸಿಕೊಳ್ಳಬೇಕು.

ಇದೇ ಹಳ್ಳಿ-ಪೇಟೆ ವ್ಯತ್ಯಾಸ ಇನ್ನೊಂದು ಕಡೆಯೂ ಇಣುಕುತ್ತದೆ. ಫೈನಲ್‌ಗೆ ಐವರ ಬದಲು ಏಳು ಜನ. ಐವರಿದ್ದಾಗ 53 ಯಾರ್ಡ್‌ಗೂ ಮೀರಿದ ಅಗಲದ ಹಿಂಭಾಗವನ್ನು ಬ್ಯಾಕ್ ಜಡ್ಜ್ ಒಬ್ಬರೇ ಕಾಯುತ್ತಾರೆ. ಏಳಾದರೆ ಅವರ ಎಡಬಲಕ್ಕೆ ಇಬ್ಬರು ಸೇರುತ್ತಾರೆ, ಯಾರು ಯಾವ ಆಟಗಾರನನ್ನು ನೋಡಬೇಕೆಂಬುದೇ ಬದಲಾಗುತ್ತದೆ. ಅಭ್ಯಾಸವಿಲ್ಲದ ಕ್ರೂನಲ್ಲಿ ಮೂವರೂ ಚೆಂಡನ್ನೇ ನೋಡುತ್ತಾರೆ, ಚೆಂಡಿನಿಂದ ದೂರ ನಡೆದ ತಳ್ಳಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಏಳರ ಅನುಭವ ಕಡ್ಡಾಯ ಎಂದರೆ ಸರಿಯೇ. ಆದರೆ ಆ ಅನುಭವ ಏಳು ಜನರಿಗೆ ಸಂಬಳ ಕೊಡಬಲ್ಲ ಪ್ರದೇಶದಲ್ಲಿ ಮಾತ್ರ ಸಿಗುತ್ತಿದ್ದರೆ, ಆ ನಿಯಮವೇ ಬಾಗಿಲು ಹಾಕಿದಂತೆ. ಸೆಪ್ಟೆಂಬರಿನಲ್ಲೇ ಪ್ರತಿ ಕ್ರೂಗೂ ಏಳು ಜನರ ಎರಡು ಪಂದ್ಯ ಹಂಚಿಕೊಡಬೇಕು.

ಕ್ರೂ ಒಳಗೆ ಸೇರುವುದೂ ಸುಲಭವಲ್ಲ. ಹಿರಿಯ ರೆಫರಿ ತನಗೆ ಒಗ್ಗುವವರನ್ನು ಕರೆದುಕೊಳ್ಳುತ್ತಾರೆ, ಹೊರಗಿನವರು ಹೊರಗೇ ಉಳಿಯುತ್ತಾರೆ. 2015ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮೊದಲ ಪೂರ್ಣಾವಧಿ ಮಹಿಳಾ ತೀರ್ಪುಗಾರರಾದ ಸಾರಾ ಥಾಮಸ್ ಮಿಸಿಸಿಪ್ಪಿಯ ಹೈಸ್ಕೂಲ್ ಮೈದಾನಗಳಿಂದಲೇ ಮೇಲೆ ಬಂದವರು. ಅಂಥವರಿಗೆ ಮೊದಲು ಯಾವುದಾದರೂ ಕ್ರೂನಲ್ಲಿ ಜಾಗ ಸಿಗಬೇಕು.

ಮುಂದಿನ ಶನಿವಾರ ರಾತ್ರಿ ಶಾಲೆಗಳ ಹೆಸರು ಬಂತು. ಓದಿದ ಶಾಲೆ, ಮಕ್ಕಳ ಶಾಲೆ, ಮನೆಯವರ ಕೆಲಸ, ಐದು ವರ್ಷದೊಳಗಿನ ಕೋಚಿಂಗ್ ಅಥವಾ ಪಾಠ ಎಂದು ಪ್ರತಿಯೊಬ್ಬರೂ ಮೊದಲೇ ತುಂಬಿಕೊಟ್ಟ ನಮೂನೆಗಳನ್ನು ಆಗ ತೆರೆದೆವು. ಮೊದಲ ಸ್ಥಾನದ ಕ್ರೂನ ಅಂಪೈರ್ ಮೂರು ವರ್ಷದ ಹಿಂದಿನವರೆಗೆ ಆ ಎರಡರಲ್ಲೊಂದು ಶಾಲೆಯಲ್ಲಿ ಪಾಠ ಮಾಡಿದ್ದರು. ಅವರೊಬ್ಬರನ್ನು ಬಿಟ್ಟು, ಎರಡನೇ ಸ್ಥಾನದ ಕ್ರೂನಿಂದ ಅಂಪೈರ್ ತಂದೆವು. ಇಡೀ ಕ್ರೂ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಹತ್ತು ವಾರ ಒಟ್ಟಿಗೆ ನಿಂತವರಿಗೆ ಕಣ್ಸನ್ನೆಯೇ ಸಾಕಾಗಿರುತ್ತದೆ.

ಭಾನುವಾರ, ಪ್ರಕಟಣೆಗೂ ಮುನ್ನ, ಫೈನಲ್ ಸಿಗದ ಹತ್ತು ಕ್ರೂಗಳಿಗೆ ಫೋನ್. ಹಿಂದೆ ಇದನ್ನು ಯಾರೂ ಮಾಡುತ್ತಿರಲಿಲ್ಲ. 2018-19ರ ನಂತರದ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಹೈಸ್ಕೂಲ್ ತೀರ್ಪುಗಾರರು ಕೆಲಸ ಬಿಟ್ಟರು. ಇರುವವರನ್ನಾದರೂ ಗೌರವದಿಂದ ಉಳಿಸಿಕೊಳ್ಳಬೇಡವೇ? ಏಳನೇ ಕ್ರೂ ಮೂರನೇ ಸ್ಥಾನದಲ್ಲಿತ್ತು. ಅವರ ರೆಫರಿಗೆ ಅಂಕಗಳನ್ನು ಒಂದೊಂದಾಗಿ ಓದಿ ಹೇಳಿದೆವು. ನಿಂತ ಜಾಗಕ್ಕೆ ಸೊನ್ನೆ ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಆ ಕ್ಲಿಪ್ ಕಳುಹಿಸಿಕೊಡಿ," ಎಂದರು. "ಬುಧವಾರ ನಮ್ಮ ಹುಡುಗರು ಸೇರುತ್ತಾರೆ, ತೋರಿಸುತ್ತೇನೆ."