ಫೋಟೋ ಉಳಿಯಿತು, ಎಡಿಟ್ ಹೋಯಿತು

ಫೋಟೋ ರಿಟಚಿಂಗ್ ನನ್ನ ಹೊಟ್ಟೆಪಾಡು. ಹಾಗಾಗಿ ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರೆಲ್ಲ ನನ್ನನ್ನು ಕೇಳುವುದು ಒಂದೇ: "ಸರ್, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?" ಮೊದಮೊದಲು ಯೋಚನೆಯನ್ನೇ ಮಾಡುತ್ತಿರಲಿಲ್ಲ. ದಿನವಿಡೀ ನಾನು ಬಳಸುವುದರ ಹೆಸರನ್ನೇ ಹೇಳಿ ಸುಮ್ಮನಾಗುತ್ತಿದ್ದೆ.

ಹಾಗೆ ನನ್ನ ಮಾತು ಕೇಳಿದ ಗೆಳೆಯರೊಬ್ಬರು ಒಂದು ದಿನ ಹಾರ್ಡ್ ಡಿಸ್ಕ್ ಹಿಡಿದು ಬಂದರು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸುವ ಮುಂಚೆ ಫೋಟೋ ಫೋಲ್ಡರುಗಳನ್ನೆಲ್ಲ ಜೋಪಾನವಾಗಿ ಕಾಪಿ ಮಾಡಿಕೊಂಡಿದ್ದರು. ಒಂದು ಮಿಂಚುಳ್ಳಿಯ ಚಿತ್ರ ತೆರೆದೆವು. ಅದರ ನೆರಳು ಎತ್ತಿ, ಹಿನ್ನೆಲೆಯ ಹಸಿರು ತಗ್ಗಿಸಲು ಎರಡು ಸಂಜೆ ಕೂತಿದ್ದರಂತೆ. ಈಗ ನೋಡಿದರೆ ಕ್ಯಾಮೆರಾದಿಂದ ಇಳಿಸಿದಾಗ ಹೇಗಿತ್ತೋ ಹಾಗೇ, ಮಂಕಾಗಿ. ಫೋಟೋ ಒಂದೂ ಹೋಗಿರಲಿಲ್ಲ, ಎಡಿಟ್ ಒಂದೂ ಉಳಿದಿರಲಿಲ್ಲ. ತಪ್ಪು ನನ್ನದೇ, ಕ್ಯಾಟಲಾಗ್ ವಿಷಯ ನಾನು ಬಾಯಿಬಿಟ್ಟಿರಲೇ ಇಲ್ಲ.

ಇಂಥ ಸಾಫ್ಟ್‌ವೇರ್‌ಗಳು ಮೂಲ ರಾ ಫೈಲನ್ನು, ಅಂದರೆ ಕ್ಯಾಮೆರಾ ಸೆನ್ಸರ್ ಹಿಡಿದಿದ್ದನ್ನು ಸಂಸ್ಕರಿಸದೆ ಇಟ್ಟ ಫೈಲನ್ನು, ತಿದ್ದುವುದಿಲ್ಲ. "ಎಕ್ಸ್‌ಪೋಶರ್ ಇಷ್ಟು ಏರಿಸು, ಇಲ್ಲಿ ಕ್ರಾಪ್ ಮಾಡು" ಅಂತ ಒಂದು ಚೀಟಿ ಬರೆದಿಟ್ಟುಕೊಳ್ಳುತ್ತವೆ, ಅಷ್ಟೇ. ನಾನು ಹೇಳಿದ್ದ ಲೈಟ್‌ರೂಮ್ ಕ್ಲಾಸಿಕ್ ಆ ಚೀಟಿಯನ್ನು ಕ್ಯಾಟಲಾಗ್ ಎಂಬ ಬೇರೆ ಫೈಲಿನಲ್ಲಿಡುತ್ತದೆ, ಗೆಳೆಯರ ಕಾಪಿಯಲ್ಲಿ ಇರದಿದ್ದದ್ದು ಅದೇ. ರಾ ಫೈಲಿನ ಪಕ್ಕದಲ್ಲೂ ಚೀಟಿಯ ಒಂದು ನಕಲು (ಎಕ್ಸ್‌ಎಂಪಿ ಫೈಲ್) ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ನಾವೇ ಟಿಕ್ ಹಾಕಬೇಕು. ಪುಕ್ಕಟೆಯ ಡಾರ್ಕ್‌ಟೇಬಲ್ ಕೇಳದೆಯೇ ಪಕ್ಕದಲ್ಲಿಡುತ್ತದೆ. ಹಾಗಂತ ಒಂದರ ಚೀಟಿ ಇನ್ನೊಂದಕ್ಕೆ ಪೂರ್ತಿ ಅರ್ಥವಾಗುತ್ತದೆ ಎಂದೇನಿಲ್ಲ. ಅಪರ್ಚರ್ ಎಂಬ ತನ್ನ ಫೋಟೋ ಸಾಫ್ಟ್‌ವೇರನ್ನು ನಿಲ್ಲಿಸುವುದಾಗಿ ಆಪಲ್ 2014ರಲ್ಲಿ ಹೇಳಿತು. ಆಗ ಅಲ್ಲಿಂದ ಲೈಟ್‌ರೂಮಿಗೆ ಹೋದವರ ಜೊತೆ ಸ್ಟಾರ್ ರೇಟಿಂಗ್, ಕೀವರ್ಡ್ ಬಂದವು. ಸ್ಲೈಡರ್ ಎಳೆದು ಮಾಡಿದ ಕೆಲಸ ಬರಲಿಲ್ಲ.

ಈಗ ಹೆಸರು ಹೇಳುವ ಮುಂಚೆ ನಾನೇ ಕೇಳುತ್ತೇನೆ: ತೆಗೆಯುವುದು ರಾನೋ, ಜೆಪೆಗೋ? 14 ಬಿಟ್ ರಾದಲ್ಲಿ ಬೆಳಕಿಗೆ 16,384 ಹಂತ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256. ಹಾಗಾಗಿ ತಿದ್ದಲು ರಾದಲ್ಲಿ ಅವಕಾಶ ಹೆಚ್ಚು. ಜೆಪೆಗ್ ತೆಗೆದು ಆಗೊಮ್ಮೆ ಈಗೊಮ್ಮೆ ಕ್ರಾಪ್ ಮಾಡುವವರಿಗೆ ಲೈಟ್‌ರೂಮಿನ ತಿಂಗಳ ಚಂದಾ ಯಾಕೆ? ಪುಕ್ಕಟೆ ಸಿಗುವ ಎಡಿಟರ್ ಜಿಂಪ್ ಸಾಕು. (ರಾ ತೆರೆಯಲು ಮಾತ್ರ ಅದಕ್ಕೆ ಡಾರ್ಕ್‌ಟೇಬಲ್‌ನಂಥ ಜೊತೆಗಾರ ಬೇಕು.) ರಾ ತೆಗೆಯುವವರಿಗೆ ಟ್ರಯಲ್ ಹಾಕಿಸಿ, ಅವರದೇ ಅತಿ ಕೆಟ್ಟ ಬೆಳಕಿನ ಫೋಟೋ ತೆರೆಸುತ್ತೇನೆ. ಹೊಸ ಕ್ಯಾಮೆರಾ ಆಗಿದ್ದರೆ ಎಷ್ಟೋ ಸಲ ಫೈಲೇ ತೆರೆಯುವುದಿಲ್ಲ, ಅಪ್‌ಡೇಟ್ ಬರುವ ತನಕ ಕಾಯಬೇಕು.

ಮಿಂಚುಳ್ಳಿಯನ್ನು ಗೆಳೆಯರು ಮತ್ತೆ ಎಡಿಟ್ ಮಾಡಿದರು. ಈ ಸಲ ಅರ್ಧ ಗಂಟೆ ಹಿಡಿಯಿತು, ಮೊದಲಿನದಕ್ಕಿಂತ ಚೆನ್ನಾಗಿದೆ ಅಂದರು. ಮುಗಿದ ಕೂಡಲೇ ಎಡಿಟ್ ಚಿತ್ರದೊಳಗೇ ಸೇರಿರುವ ಟಿಫ್ ಫೈಲ್ ಮಾಡಿ ಇನ್ನೊಂದು ಡಿಸ್ಕಿಗೆ ಹಾಕಿದ್ದಾರೆ, ನನ್ನನ್ನು ಕೇಳದೆಯೇ.